ವೀರಯೋಧರ ಸ್ಮರಣೆಯ ತೋಟ: ಮಾಜಿ ಸೈನಿಕರೂ ನಾವೂ

ಕಾಫಿಯ ದರ, ಗೊಬ್ಬರದ ಸರಬರಾಜು, ಅಡಿಕೆಯ ಕೊಳೆರೋಗ ಇವುಗಳ ವಿಚಾರವನ್ನೇ ಬರೆಯುವ ನಮ್ಮ ಪತ್ರಿಕೆ ಈ ಸಲ ಸೈನಿಕರ ಸ್ಮಾರಕದ ಮಾತನ್ನೇಕೆ ಎತ್ತಿಕೊಂಡಿತೆಂದು ವಾಚಕರು ಕೇಳಬಹುದು. ಉತ್ತರ ನಮ್ಮ ಸದಸ್ಯರ ಮನೆಗಳಲ್ಲೇ ಇದೆ. ಕೊಡಗಿನ ಎಷ್ಟೋ ಮನೆಗಳ ಅಟ್ಟದ ಮೇಲೆ ಹಸಿರು ಬಣ್ಣ ಬಳಿದ ತಗಡಿನ ಟ್ರಂಕೊಂದು ಇಂದಿಗೂ ಕುಳಿತಿದೆ. ಅದರ ಮುಚ್ಚಳದ ಮೇಲೆ ಬಿಳಿಯ ಅಕ್ಷರದಲ್ಲಿ ಒಂದು ನಂಬರು, ಒಂದು ಹೆಸರು, ಒಂದು ರೆಜಿಮೆಂಟು. ಆ ಟ್ರಂಕನ್ನು ಹೊತ್ತು ತಂದವರು ನಿವೃತ್ತರಾದ ಮರುವರ್ಷವೇ ಎರಡೋ ಮೂರೋ ಎಕರೆಯಲ್ಲಿ ಕಾಫಿ ನೆಟ್ಟರು, ಅಂಚಿನ ತಗ್ಗಿನಲ್ಲಿ ಅಡಿಕೆ ಇಟ್ಟರು, ನಮ್ಮ ಸಂಘದ ಷೇರು ಪಡೆದರು. 2001-02ರ ಸುಮಾರಿನಲ್ಲಿ ಕಾಫಿಯ ಬೆಲೆ ನೆಲ ಕಚ್ಚಿದಾಗ ತೋಟ ಕೈಬಿಡದೆ ಉಳಿಸಿಕೊಂಡ ಸಣ್ಣ ಹಿಡುವಳಿದಾರರಲ್ಲಿ ಸೈನ್ಯದ ಪಿಂಚಣಿಯ ಆಸರೆ ಇದ್ದವರು ಅನೇಕರು. ಆದ್ದರಿಂದ ಮಾಜಿ ಸೈನಿಕರ ಸಂಘದ ಕಷ್ಟಸುಖ ನಮಗೆ ಹೊರಗಿನ ಸುದ್ದಿಯಲ್ಲ.

ಸನ್ನಿಸೈಡ್ ಮನೆ

ಮಡಿಕೇರಿಯಲ್ಲಿ ‘ಸನ್ನಿಸೈಡ್’ ಎಂಬ ಮನೆಯನ್ನು ನೋಡದವರು ಒಮ್ಮೆ ಹೋಗಿ ನೋಡಬೇಕು. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಬಾಲ್ಯವನ್ನು ಕಳೆದ ಮನೆ ಇದು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಆ ಬಾಲಕ ಮುಂದೆ 1948ರ ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನೇ ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ ಸೇನಾನಿ. 1953ರಲ್ಲಿ ಕೊರಿಯಾದಲ್ಲಿ ಯುದ್ಧಕೈದಿಗಳ ಭವಿಷ್ಯ ನಿರ್ಧರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರು. ನಿವೃತ್ತರಾದ ಮೇಲೆಯೂ ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಯ ನಾಯಕತ್ವ ವಹಿಸಿದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ಕಾಲವಾದರು. ಮರುವರ್ಷ ಸೈಪ್ರಸ್ ಸರಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರಡಿಸಿತು. ಅಲ್ಲಿನ ಲಾರ್ನಕಾ ಪಟ್ಟಣದ ಒಂದು ರಸ್ತೆಗೆ ಅವರ ಹೆಸರಿದೆ.

ಆದರೆ ಅವರ ಸ್ವಂತ ಊರಿನ ಮನೆ ಬಹಳ ಕಾಲ ಸರಕಾರಿ ಸಾರಿಗೆ ಕಚೇರಿಯಾಗಿತ್ತು. ವಾಹನದ ಲೈಸೆನ್ಸಿಗಾಗಿ ಅಲ್ಲಿ ಸಾಲು ನಿಂತವರು ನಮ್ಮ ಸದಸ್ಯರಲ್ಲೂ ಇದ್ದಾರೆ. ಆ ಗೋಡೆಗಳ ನಡುವೆ ಯಾರು ಬೆಳೆದರೆಂಬುದು ಸಾಲಿನಲ್ಲಿ ನಿಂತ ಎಷ್ಟು ಮಂದಿಗೆ ಗೊತ್ತಿತ್ತೋ! ಆ ಮನೆ ಸ್ಮಾರಕವಾಗಬೇಕೆಂದು ಹಟ ಹಿಡಿದು, ಅರ್ಜಿಯ ಮೇಲೆ ಅರ್ಜಿ ಕೊಟ್ಟು, ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಹತ್ತಿದವರಲ್ಲಿ ಮುಂಚೂಣಿಯಲ್ಲಿ ಇದ್ದುದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂ. ನಿವೃತ್ತ ಸೇನಾಧಿಕಾರಿಗಳು ಮುಂದೆ ನಿಂತು ನಡೆಸಿದ ಕೂಟವದು. ಕೊನೆಗೆ 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಮಡಿಕೇರಿಗೆ ಬಂದು ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ಈಗ ಅದರ ಆವರಣದಲ್ಲಿ ಯುದ್ಧ ಸ್ಮಾರಕವಿದೆ, ಹಳೆಯ ಟ್ಯಾಂಕು ಮತ್ತು ಯುದ್ಧವಿಮಾನಗಳಿವೆ. ಶಾಲಾ ಮಕ್ಕಳು ಟ್ಯಾಂಕಿನ ಸುತ್ತ ಓಡಾಡುತ್ತಾರೆ. ಹಿರಿಯರು ಸ್ಮಾರಕದ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ.

ಸತ್ತವರಿಗೆ ಮನೆಯ ಅಂಗಳದಲ್ಲೇ ಜಾಗ ಕೊಡುವುದು ಈ ನಾಡಿಗೆ ಹೊಸದಲ್ಲ. ಐನ್‌ಮನೆಯ ಬಳಿಯ ಕೈಮಡದಲ್ಲಿ ಕಾರಣವರಿಗೆ ದೀಪ ಇಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅರಸರ ಕಾಲದಲ್ಲಿ ಜಮ್ಮಾ ಭೂಮಿ ದೊರೆತದ್ದೂ ಕರೆ ಬಂದಾಗ ಕೋವಿ ಹಿಡಿದು ಹೊರಡಬೇಕೆಂಬ ಕರಾರಿನ ಮೇಲೆಯೇ. ನೆಲಕ್ಕೂ ಸೇವೆಗೂ ಇದ್ದ ಈ ನಂಟು ನಮ್ಮ ತೋಟಗಳ ದಾಖಲೆಗಳಲ್ಲೇ ಇದೆ.

ಕಲ್ಲಿನ ಜೊತೆಗೆ ಭೂಮಿ

ಕನ್ನಡ ನಾಡಿನುದ್ದಕ್ಕೂ ವೀರಗಲ್ಲುಗಳಿವೆ. ಆದರೆ ನಮ್ಮ ಪೂರ್ವಿಕರು ಕಲ್ಲು ನಿಲ್ಲಿಸಿ ಸುಮ್ಮನಾಗುತ್ತಿರಲಿಲ್ಲ ಎಂಬುದನ್ನು ಬಹು ಮಂದಿ ಗಮನಿಸಿಲ್ಲ. ಹೋರಾಡಿ ರಕ್ತ ಸುರಿಸಿದವನಿಗಾಗಿ ಅವನ ಕುಟುಂಬಕ್ಕೆ ಬಿಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ಪರಾಕ್ರಮಕ್ಕೆ ಮೆಚ್ಚಿ ಕೊಟ್ಟ ದತ್ತಿಗೆ ‘ಬಾಳ್ಗಚ್ಚು’ ಎಂದು ಹೆಸರು, ಎಂದರೆ ಕತ್ತಿಯನ್ನು ತೊಳೆದು ಕೊಟ್ಟ ಕಾಣಿಕೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 949ರ ಶಾಸನವನ್ನೇ ನೋಡಿ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನಿಗೆ ಗಂಗರ ಬೂತುಗನು ಬೇಕಾದ್ದನ್ನು ಕೇಳೆಂದಾಗ, ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ದೊಡ್ಡ ಕಾಡುಹಂದಿಯೊಂದಿಗೆ ಕಾದಾಡಿ, ಎರಡೂ ಒಟ್ಟಿಗೆ ಸತ್ತವು. ಮಣಲೇರನು ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟನು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವನು ಊಟ ಮಾಡಿದರೆ ಅವನಿಗೆ ಪಾಪ ಎಂದೂ ಬರೆಸಿದನು. ಒಂದು ನಾಯಿಯ ನೆನಪಿಗೇ ಸಾವಿರ ವರ್ಷದ ಹಿಂದೆ ಕಲ್ಲು, ಅದರ ಖರ್ಚಿಗೆ ಹೊಲ, ನೋಡಿಕೊಳ್ಳಲು ಒಬ್ಬ ಮನುಷ್ಯ, ತಪ್ಪಿದರೆ ಶಾಪ ಎಂದು ನಾಲ್ಕನ್ನೂ ಗೊತ್ತುಮಾಡಿದ್ದರು. ಇಂದು ಊರೂರಲ್ಲಿ ಸ್ಮಾರಕ ಕಟ್ಟುವ ನಾವು ಮೊದಲನೆಯದನ್ನು ಮಾತ್ರ ಮಾಡಿ, ಫೋಟೋ ತೆಗೆಸಿಕೊಂಡು ಮನೆಗೆ ಬರುತ್ತೇವೆ. ಎರಡು ಮಳೆಗಾಲ ಕಳೆದರೆ ಹೆಸರಿನ ಮೇಲೆ ಪಾಚಿ, ಕಟ್ಟೆಯ ಬಿರುಕಿನಲ್ಲಿ ಅರಳಿ ಸಸಿ.

ಒಂದು ಸಣ್ಣ ತೋಟ, ಒಂದು ಹಳೆಯ ಪುಸ್ತಕ

ನಮ್ಮ ಸಂಘದ ವ್ಯಾಪ್ತಿಯ ಒಂದು ಊರಿನಲ್ಲಿ ಮಾಜಿ ಸೈನಿಕರು ಶಾಲೆಯ ಪಕ್ಕದ ಹತ್ತಾರು ಸೆಂಟು ಜಾಗದಲ್ಲಿ ಇಂಥದೇ ಒಂದು ಸ್ಮರಣೆಯ ತೋಟ ಮಾಡಿದ್ದಾರೆ. ನಡುವೆ ಒಂದು ಕಲ್ಲು, ಅದರ ಮೇಲೆ ಯುದ್ಧದಲ್ಲಿ ಮಡಿದ ಆ ಸುತ್ತಿನ ಯೋಧರ ಹೆಸರುಗಳು, ಸುತ್ತ ಒಂದಿಷ್ಟು ಗಿಡ. ಊರಿನ ಹೆಸರನ್ನೂ ವ್ಯಕ್ತಿಗಳ ಹೆಸರನ್ನೂ ಅವರ ಇಚ್ಛೆಯಂತೆ ಇಲ್ಲಿ ಹೇಳುತ್ತಿಲ್ಲ. ಆ ಸಂಘದ ನಿಜವಾದ ಕೆಲಸ ನಮ್ಮ ಅರಿವಿಗೆ ಬಂದದ್ದು ಆ ತೋಟದಿಂದಲ್ಲ, ನಮ್ಮದೇ ಸಾಲದ ಪುಸ್ತಕದಿಂದ.

ಸದಸ್ಯರೊಬ್ಬರು, ನಿವೃತ್ತ ಹವಾಲ್ದಾರರು, ತೀರಿಕೊಂಡ ಮೇಲೆ ಅವರ ಹೆಂಡತಿಯ ಕಡೆಯಿಂದ ಬೆಳೆಸಾಲದ ಕಂತು ಬರುವುದು ನಿಂತಿತು. ನಾವು ಕ್ರಮದಂತೆ ನೋಟೀಸು ಕಳಿಸಿದೆವು. ಎರಡನೆಯ ನೋಟೀಸು ಮುಟ್ಟಿದ ವಾರ ಆ ತಾಯಿ ಕೊಡೆ ಹಿಡಿದುಕೊಂಡು ಕಚೇರಿಗೆ ಬಂದರು. “ಇಲ್ಲ ಅನ್ನೋದಿಲ್ಲ, ಕೊಡ್ತೇನೆ. ಪಿಂಚಣಿ ಒಂದು ಬರಲಿ” ಎಂದರು. ಏಳು ತಿಂಗಳಿನಿಂದ ಕುಟುಂಬ ಪಿಂಚಣಿ ಬಂದಿರಲಿಲ್ಲ. ಗಂಡನ ಸೈನ್ಯದ ಪುಸ್ತಕದಲ್ಲಿ ಮದುವೆಯ ಕಾಲಕ್ಕೆ ಬರೆಸಿದ್ದು ತವರಿನ ಮನೆತನದ ಜೊತೆಗೆ ಕರೆಯುವ ಹೆಸರು. ಆಧಾರ್ ಕಾರ್ಡಿನಲ್ಲಿ ಇರುವುದು ಗಂಡನ ಮನೆತನದ ಜೊತೆಗೆ ಶಾಲೆಯ ಹೆಸರು. ಕಾಗದದ ಪ್ರಕಾರ ಅವರಿಬ್ಬರೂ ಬೇರೆ ಬೇರೆ ಹೆಂಗಸರು! ಹೋದಲ್ಲೆಲ್ಲ “ಹೆಸರು ಸರಿ ಮಾಡಿಸಿಕೊಂಡು ಬನ್ನಿ” ಎಂಬ ಒಂದೇ ಉತ್ತರ. ಎಲ್ಲಿ ಸರಿ ಮಾಡಿಸಬೇಕೆಂದು ಹೇಳಿದವರಿಲ್ಲ. ಈ ವಿಚಾರ ತಿಳಿಯದೆ ಎರಡು ನೋಟೀಸು ಕಳಿಸಿದ ನಾವೂ ನಾಚಿಕೊಳ್ಳಬೇಕಾಯಿತು.

ಅಂದು ಗೊಬ್ಬರ ಕೊಳ್ಳಲು ಬಂದಿದ್ದ ನಿವೃತ್ತ ಸುಬೇದಾರರೊಬ್ಬರು ಮಾತು ಕೇಳಿಸಿಕೊಂಡರು. “ಅಕ್ಕಾ, ನಾಳೆ ಬೆಳಿಗ್ಗೆ ಮನೆಗೆ ಬರ್ತೇನೆ, ಅಣ್ಣನ ಟ್ರಂಕು ಅಟ್ಟದಿಂದ ಇಳಿಸಿ ಇಡಿ” ಎಂದರು. ಮರುದಿನ ಟ್ರಂಕಿನಲ್ಲಿದ್ದ ಡಿಸ್ಚಾರ್ಜ್ ಪುಸ್ತಕ, ಹಳೆಯ ಕಾಗದಗಳು ಹೊರಬಂದವು. ಎರಡು ಹೆಸರೂ ಒಬ್ಬರದೇ ಎಂಬ ಪ್ರಮಾಣಪತ್ರ ತಯಾರಾಯಿತು. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯ ಮೂಲಕ ಅದು ರೆಜಿಮೆಂಟಿನ ದಾಖಲೆ ಕಚೇರಿಗೆ ಹೋಯಿತು. ಸುಬೇದಾರರು ನಾಲ್ಕು ಸಲ ಬಸ್ಸು ಹತ್ತಿ ಇಳಿದರು, ಟಿಕೆಟಿನ ಹಣವನ್ನೂ ತೆಗೆದುಕೊಳ್ಳಲಿಲ್ಲ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಬಾಕಿ ಸಮೇತ ಪಿಂಚಣಿ ಬಂತು, ಕಂತೂ ಬಂತು.

ಆಮೇಲೆ ಆ ತಾಯಿ ಸ್ಮಾರಕದ ತೋಟದಲ್ಲಿ ಕಾಣಿಸಿಕೊಳ್ಳತೊಡಗಿದರು. ಗಂಡನ ಹೆಸರನ್ನೂ ಕಲ್ಲಿನ ಮೇಲೆ ಬರೆಸಬೇಕೆಂಬ ಆಸೆ ಇರಬಹುದೇನೋ ಎಂದು ಯಾರೋ ಕೇಳಿದರಂತೆ. “ಬೇಡಪ್ಪ. ಅದು ಹೋಗಿ ಬಾರದವರ ಕಲ್ಲು. ನನ್ನವರು ಬಂದು ಮೂವತ್ತು ವರ್ಷ ನನ್ನ ಜೊತೆ ತೋಟ ಮಾಡಿದರು. ನಾನು ನೀರು ಹಾಕಿ ಹೋಗ್ತೇನೆ, ಅಷ್ಟು ಸಾಕು” ಎಂದರಂತೆ. ಮಾರ್ಚ್, ಏಪ್ರಿಲ್‌ನ ಬಿಸಿಲಿನಲ್ಲಿ ಅಲ್ಲಿಯ ಗಿಡಗಳು ಉಳಿದದ್ದು ಅವರಿಂದ.

ಕಾರ್ಯಪ್ಪನವರ ಮೇಲ್ಪಂಕ್ತಿ

ಸ್ಮಾರಕವನ್ನೂ ಬದುಕಿರುವವರ ಕ್ಷೇಮವನ್ನೂ ಒಂದೇ ಕೆಲಸವೆಂದು ತಿಳಿದವರಲ್ಲಿ ಮೊದಲಿಗರು ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಶನಿವಾರಸಂತೆಯಲ್ಲಿ ಹುಟ್ಟಿ, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದವರು. ಆ ದಿನವನ್ನೇ ದೇಶ ಸೇನಾ ದಿನವೆಂದು ಆಚರಿಸುತ್ತಿದೆ. 1953ರಲ್ಲಿ ಸೇನೆಯಿಂದ ನಿವೃತ್ತರಾದ ಮೇಲೆ ಅವರು ಮಡಿಕೇರಿಯ ‘ರೋಶನಾರಾ’ದಲ್ಲಿ ನೆಲಸಿದರೂ ಸುಮ್ಮನೆ ಕೂರಲಿಲ್ಲ. 1964ರಲ್ಲಿ ಇಂಡಿಯನ್ ಎಕ್ಸ್‌-ಸರ್ವೀಸಸ್ ಲೀಗ್ ಕಟ್ಟಿ, ನಿವೃತ್ತ ಸಿಪಾಯಿಯ ಪರವಾಗಿ ಕೇಳುವವರೊಬ್ಬರು ಇರುವಂತೆ ಮಾಡಿದರು.

1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಯಾದರು. ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನರು ಮಗನನ್ನು ಬಿಟ್ಟುಕಳಿಸುವ ಮಾತೆತ್ತಿದಾಗ, ಸೆರೆಯಲ್ಲಿರುವ ಎಲ್ಲ ಯೋಧರೂ ತಮ್ಮ ಮಕ್ಕಳೇ, ಇವನೊಬ್ಬನಿಗೆ ವಿಶೇಷ ಬೇಡ ಎಂದು ತಿಳಿಸಿದ ಸಂಗತಿ ಎಲ್ಲರಿಗೂ ಗೊತ್ತಿದೆ. 1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದ ಅವರ ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು.

ಎಲ್ಲರೂ ಸಮಾನರೆಂಬ ಈ ಭಾವನೆ ಸ್ಮಾರಕದ ತೋಟಕ್ಕೂ ಸಲ್ಲಬೇಕು. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಬ್ರಿಟನ್ ಮತ್ತು ಅದರ ಅಂದಿನ ಸಾಮ್ರಾಜ್ಯದ ದೇಶಗಳು ಯುದ್ಧಸಮಾಧಿಗಳಿಗೆಂದು ಒಂದು ಆಯೋಗ ಸ್ಥಾಪಿಸಿದವು. ಅಧಿಕಾರಿಗೆ ದೊಡ್ಡದು, ಸಿಪಾಯಿಗೆ ಚಿಕ್ಕದು ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಅಳತೆಯ ಕಲ್ಲು ಎಂಬುದು ಅದರ ನಿಯಮ. ನಮ್ಮೂರ ಕಲ್ಲುಗಳಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಜಗಳ ಎದ್ದಾಗ ಈ ನಿಯಮವನ್ನು ನೆನೆದರೆ ಒಳ್ಳೆಯದು.

ತೋಟಗಾರರಿಗೆ ಕೊಹಿಮಾದ ಪಾಠ

ಆ ಆಯೋಗ ನೋಡಿಕೊಳ್ಳುವ ಸ್ಮಶಾನಗಳಲ್ಲಿ ನಾಗಾಲ್ಯಾಂಡಿನ ಕೊಹಿಮಾದ್ದು ನಮ್ಮಂಥ ಗುಡ್ಡದ ಮೇಲಿನದು. 1944ರ ಏಪ್ರಿಲಿನಿಂದ ಜೂನ್‌ವರೆಗೆ ಅಲ್ಲಿ ಜಪಾನೀಯರೊಡನೆ ಘೋರ ಯುದ್ಧ ನಡೆಯಿತು. ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಅಂಗಳದ ಒಂದು ಅಂಚಿನಲ್ಲಿ ಇವರು, ಇನ್ನೊಂದರಲ್ಲಿ ಅವರು. ಇಂದು ಅದೇ ಇಳಿಜಾರಿನಲ್ಲಿ 1,420 ಸಮಾಧಿಗಳಿವೆ. ಅಗ್ನಿಸಂಸ್ಕಾರ ಪಡೆದ 917 ಹಿಂದೂ ಮತ್ತು ಸಿಖ್ ಯೋಧರಿಗೆ ಪ್ರತ್ಯೇಕ ಸ್ಮಾರಕವಿದೆ. ಅಲ್ಲೊಂದು ಚೆರಿ ಮರ. ಯುದ್ಧದಲ್ಲಿ ಮೂಲ ಮರ ನಾಶವಾಯಿತು. ಈಗಿರುವುದು ಹಳೆಯ ಬುಡದಿಂದ ಒಡೆದ ಚಿಗುರು ಬೆಳೆದು ಮರವಾದದ್ದು. ಮುದಿ ಕಾಫಿ ಗಿಡವನ್ನು ಬುಡದಿಂದ ಒಂದಡಿ ಬಿಟ್ಟು ಕತ್ತರಿಸಿ, ಒಳ್ಳೆಯ ಚಿಗುರೊಂದನ್ನು ಉಳಿಸಿಕೊಂಡು ಮತ್ತೆ ಫಸಲು ತೆಗೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸ್ಮಶಾನಗಳ ಕಲ್ಲಿನ ಬುಡದಲ್ಲಿ ಗಿಡ್ಡ ಗಿಡಗಳನ್ನು ಬೆಳೆಸುತ್ತಾರೆ. ಅಂದಕ್ಕೆ ಮಾತ್ರವಲ್ಲ. ಮಳೆಹನಿ ಬರಿ ಮಣ್ಣಿಗೆ ಬಿದ್ದರೆ ಕೆಸರು ಸಿಡಿದು ಅಕ್ಷರಗಳ ಮೇಲೆ ಕೂರುತ್ತದೆ, ಗಿಡವಿದ್ದರೆ ಸಿಡಿಯುವುದಿಲ್ಲ. ವರ್ಷಕ್ಕೆ 120 ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯಂಥ ಕಡೆ ಇದು ಬಹಳ ಉಪಯುಕ್ತ. ನಮ್ಮ ಸ್ವಂತ ಅನುಭವದಿಂದ ಇನ್ನೂ ಕೆಲವು ಮಾತು ಸೇರಿಸಬಹುದು.

ಮೊದಲು ನೀರು ಹರಿಯುವ ದಾರಿ. ಸ್ಮಾರಕದ ಮೇಲ್ಬದಿಗೆ ಅಡ್ಡ ಚರಂಡಿ ತೆಗೆದು ನೀರನ್ನು ಬದಿಗೆ ತಿರುಗಿಸದಿದ್ದರೆ ಕಟ್ಟೆ ಕುಸಿಯುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿ, ಸೈನ್ಯದವರು ಬಂದು ನಮ್ಮ ಜನರನ್ನು ಹೊತ್ತು ಹೊರತಂದ ದಿನಗಳನ್ನು ಕಂಡ ಮೇಲೂ ಚರಂಡಿಯನ್ನು ಅಲಕ್ಷಿಸಬಾರದು. ಎರಡನೆಯದು ಮರದ ಆಯ್ಕೆ. ಅರಳಿ, ಅತ್ತಿಯಂಥವನ್ನು ಕಲ್ಲಿನ ಹತ್ತಿರ ಬಿಡಬೇಡಿ, ಬೇರು ಕಟ್ಟೆಯನ್ನು ಸೀಳುತ್ತದೆ. ಸಂಪಿಗೆ, ರಂಜ ಮುಂತಾದವನ್ನು ದೂರದಲ್ಲಿ ನೆಟ್ಟು, ವರ್ಷಕ್ಕೊಮ್ಮೆ ಮರಗಸಿ ಮಾಡಿ ಬಿಸಿಲು ಬೀಳುವಂತೆ ನೋಡಿಕೊಳ್ಳಿ. ನೆರಳು ದಟ್ಟವಾದಷ್ಟೂ ಪಾಚಿ ಹೆಚ್ಚು. ಮೂರನೆಯದು ಕಲ್ಲು ತೊಳೆಯುವ ಕ್ರಮ. ತಂತಿ ಬ್ರಷ್ಷು, ಆಸಿಡ್, ಬ್ಲೀಚಿಂಗ್ ಪೌಡರ್ ಇವು ಕಲ್ಲನ್ನೂ ಅಕ್ಷರವನ್ನೂ ತಿನ್ನುತ್ತವೆ. ಬರೇ ನೀರು, ಮೆತ್ತನೆಯ ಬ್ರಷ್ಷು, ಸ್ವಲ್ಪ ತಾಳ್ಮೆ ಇಷ್ಟಿದ್ದರೆ ಸಾಕು.

ಯಾವಾಗ, ಯಾರು?

ಸಮಾರಂಭಗಳಿಗೆ ಜನ ಬರುವುದಿಲ್ಲವೆಂದು ಮಾಜಿ ಸೈನಿಕರು ನೊಂದುಕೊಳ್ಳುತ್ತಾರೆ. ನ್ಯಾಯವೇ. ಆದರೆ ದಿನಗಳನ್ನು ನೋಡಿ. ಧ್ವಜ ದಿನ ಡಿಸೆಂಬರ್ 7, ವಿಜಯ ದಿವಸ ಡಿಸೆಂಬರ್ 16, ಸೇನಾ ದಿನ ಜನವರಿ 15. ಆಗ ನಾವೆಲ್ಲ ಹಣ್ಣು ಕೊಯ್ಲಿನಲ್ಲಿ, ಕಣದಲ್ಲಿ. ಕಾರ್ಗಿಲ್ ದಿನ ಜುಲೈ 26ಕ್ಕೆ ಬರುತ್ತದೆ. ಆಗ ಹೊರಗೆ ಜಡಿಮಳೆ, ಅಡಿಕೆಯವರಿಗೆ ಕೊಳೆರೋಗದ ಚಿಂತೆ, ಬಿಡುವು ಸಿಕ್ಕಿದ ಗಳಿಗೆಯಲ್ಲಿ ಬೋರ್ಡೋ ಸಿಂಪಡಣೆ. ಹಾಗಾಗಿ ಆ ದಿನಗಳ ಗೌರವವನ್ನು ಮಾಜಿ ಸೈನಿಕರು ತಮ್ಮ ಕ್ರಮದಂತೆ ಸಲ್ಲಿಸಲಿ. ನಾವು ಬೆಳೆಗಾರರು ಸೆಪ್ಟೆಂಬರಿನ ಆರಂಭವನ್ನು ವಹಿಸಿಕೊಳ್ಳೋಣ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ, ಕತ್ತಿ, ಆಯುಧಗಳನ್ನು ತೊಳೆದು ಹೂವಿಡುವುದು ನಮ್ಮ ನಾಡಿನ ಪದ್ಧತಿ. ಅದೇ ವಾರದಲ್ಲಿ ಒಂದು ದಿನ ಊರಿನ ಸ್ಮಾರಕವನ್ನೂ ತೊಳೆದು, ಕಳೆ ತೆಗೆದು, ಸತ್ತ ಗಿಡದ ಜಾಗಕ್ಕೆ ಹೊಸದು ನೆಟ್ಟರೆ ಆಯಿತು. ಮನೆಗೊಬ್ಬರಂತೆ ಅರ್ಧ ದಿನ ಬಂದರೆ ಸಣ್ಣ ತೋಟಕ್ಕೆ ಬೇಕಾದ ಆಳು ಒದಗುತ್ತದೆ. ನರ್ಸರಿ ಇರುವ ಸದಸ್ಯರು ಹತ್ತು ಸಸಿ ಕೊಟ್ಟರೆ ದೊಡ್ಡ ಉಪಕಾರ.

ಇದಕ್ಕಿಂತ ತುರ್ತಾದ ಇನ್ನೊಂದು ಕೆಲಸವಿದೆ. ಮಾಜಿ ಸೈನಿಕರಿರುವ ಪ್ರತಿಯೊಂದು ಮನೆಯವರೂ ಈ ತಿಂಗಳೇ ಆ ಟ್ರಂಕನ್ನು ಅಟ್ಟದಿಂದ ಇಳಿಸಿ. ಯಜಮಾನರು ಗಟ್ಟಿಯಾಗಿ ಇರುವಾಗಲೇ ಡಿಸ್ಚಾರ್ಜ್ ಪುಸ್ತಕದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ, ಮಕ್ಕಳ ಹೆಸರುಗಳು ಹೇಗಿವೆಯೆಂದು ಆಧಾರ್ ಕಾರ್ಡಿನೊಡನೆ ಇಟ್ಟು ನೋಡಿ. ಒಂದಕ್ಷರ ವ್ಯತ್ಯಾಸವಿದ್ದರೂ ಈಗಲೇ ತಿದ್ದಿಸಿ. ಗಂಡ ಬದುಕಿರುವಾಗ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸ ಆಮೇಲೆ ತಿಂಗಳುಗಟ್ಟಲೆ ಎಳೆಯುತ್ತದೆ. ಈಗ ಪಿಂಚಣಿ ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಯ ಮೂಲಕ ಬರುವುದರಿಂದ ಹೆಸರು ಹೊಂದದಿದ್ದರೆ ತೊಡಕು ಹೆಚ್ಚು. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದನ್ನು ಮರೆಯಬೇಡಿ. 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು ಹೆಂಡತಿಯ ಹೆಸರಿಗೂ ಆಗಿದೆಯೇ ಎಂದು ವಿಚಾರಿಸಿ. ತಿಳಿಯದಿದ್ದರೆ ಊರಿನ ಮಾಜಿ ಸೈನಿಕರ ಸಂಘವನ್ನೋ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯನ್ನೋ ಕೇಳಿ. ಸಾಲದ ಕಂತು ತಪ್ಪಿದ್ದಕ್ಕೆ ಪಿಂಚಣಿಯ ತೊಡಕು ಕಾರಣವಾಗಿದ್ದರೆ ಸಂಕೋಚಪಡದೆ ನಮ್ಮ ಕಚೇರಿಗೆ ಬಂದು ಹೇಳಿ. ಮೊದಲು ವಿಚಾರಿಸಿ ಆಮೇಲೆ ನೋಟೀಸು ಎಂಬುದನ್ನು ನಾವೂ ಕಲಿತಿದ್ದೇವೆ.

ಆ ಊರಿನ ಸುಬೇದಾರರಿಗೂ ಈಗ ವಯಸ್ಸಾಗಿದೆ. ಮಂಡಿನೋವಿನಿಂದ ಬಸ್ಸು ಹತ್ತುವುದು ಕಷ್ಟವಾಗಿದೆ. ಕಾಗದ ಪತ್ರದ ಕೆಲಸ ಕಲಿಯಲು ಓದಿದ ಹುಡುಗ ಹುಡುಗಿಯರು ಒಂದಿಬ್ಬರು ಬೇಕೆಂದು ನಮ್ಮ ಮೂಲಕ ಹೇಳಿಕಳಿಸಿದ್ದಾರೆ. ಸೈನ್ಯದಲ್ಲಿ ಇದ್ದವರೇ ಆಗಬೇಕೆಂದಿಲ್ಲ. ಮನಸ್ಸಿರುವವರು ಗೊಬ್ಬರದ ಡಿಪೋದಲ್ಲಿ ಹೆಸರು ಕೊಡಬಹುದು. ಭಾನುವಾರ ಬೆಳಿಗ್ಗೆ ಸುಬೇದಾರರು ಸ್ಮಾರಕದ ತೋಟದಲ್ಲೇ ಸಿಗುತ್ತಾರೆ. ಹೋಗುವವರು ಒಂದು ಕತ್ತಿಯನ್ನೂ ಜೊತೆಗೆ ಒಯ್ಯಬೇಕೆಂದು ಕೋರಿಕೆ. ಈ ಮಳೆಗೆ ಬೇಲಿಯ ಸಾಲಿನಲ್ಲಿ ಕಳೆ ಮೊಣಕಾಲುದ್ದ ಬೆಳೆದಿದೆ.